ಎರಡು ಸಲ ಮದುವೆಯಾದ ಎಮಿಲಿ

ಸಾಲ್ಟ್ ಲೇಕ್ ಸಿಟಿ
ಭಾನುವಾರ ಸಂಜೆ

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಚಳಿ ಶುರುವಾಗಿದೆ, ಬೆಟ್ಟದ ಮೇಲೆ ಆಗಲೇ ಹಿಮ ಬಿದ್ದಿದೆ.

ಹೋದ ವಾರ ಫೋನಿನಲ್ಲಿ ನೀವು "ಅಲ್ಲಿ ಮಾರ್ಮನ್ ಜನಕ್ಕೆ ನಾಲ್ಕೈದು ಹೆಂಡಿರಂತೆ, ನಿಜವೇನಮ್ಮ?" ಅಂತ ಕೇಳಿದಿರಿ. ಮಗುವನ್ನು ಮಲಗಿಸುವ ಗಡಿಬಿಡಿಯಲ್ಲಿ "ಈಗಿಲ್ಲಪ್ಪ, ನಿಲ್ಲಿಸ್ತೀವಿ ಅಂತ 1890ರಲ್ಲೇ ಸಾರಿದರು" ಅಂತ ಹೇಳಿ ಫೋನ್ ಇಟ್ಟುಬಿಟ್ಟೆ. ಆಮೇಲೆ ಸಮಾಧಾನವಾಗಲಿಲ್ಲ. ಅಷ್ಟು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಸ್ತಾವೇಜು ಓದಿದವರು ನೀವು. ಈ ಕಥೆ ಇರುವುದೇ ದಸ್ತಾವೇಜುಗಳಲ್ಲಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮಾರ್ಮನ್ ಅಂದರೆ ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ. ಕಟ್ಟಿದವರು ಜೋಸೆಫ್ ಸ್ಮಿತ್, 1830ರಲ್ಲಿ. ಕೊನೆಯ ವರ್ಷಗಳಲ್ಲಿ ಇಲಿನಾಯ್ ರಾಜ್ಯದ ನೌವೂ ಎಂಬ ಊರಿನಲ್ಲಿದ್ದರು. ಸಾವಿನ ನಂತರವೂ ಗಂಡ ಹೆಂಡತಿಯನ್ನು ಕೂಡಿಸಿಡುವ ವಿಧಿಗೆ ಇವರು ಸೀಲಿಂಗ್ ಅನ್ನುತ್ತಾರೆ. ಲಕೋಟೆಗೆ ಅರಗಿನ ಮುದ್ರೆ ಒತ್ತಿದ ಹಾಗೆ, ಮತ್ತೆ ಬಿಚ್ಚಬಾರದು. ಹೆಂಡತಿ ಎಮ್ಮಾ ಇರುವಾಗಲೇ ಜೋಸೆಫ್ ಗುಟ್ಟಾಗಿ ಬೇರೆ ಹೆಂಗಸರ ಜೊತೆ ಈ ವಿಧಿ ಮಾಡಿಸಿಕೊಂಡರು. ಅವರ ಸಂಖ್ಯೆ 30ರಿಂದ 40 ಇರಬಹುದು ಅಂತ 2014ರಲ್ಲಿ ಚರ್ಚೇ ಒಪ್ಪಿ ಬರೆಯಿತು. ಹಾಗಾದರೆ ಆ ಮದುವೆಗಳ ದಾಖಲೆ ಎಲ್ಲಿ? ರಿಜಿಸ್ಟರ್ ಇಲ್ಲ. ರಿಜಿಸ್ಟರ್ ಮಾಡುವಂಥ ಮದುವೆಗಳೇ ಅಲ್ಲ ಅವು, ಅಲ್ವಾ? ಕಾನೂನಿನಲ್ಲಿ ತಪ್ಪು, ಊರಿನವರಿಗೆ ಹೇಳುವ ಹಾಗಿಲ್ಲ, ಎಷ್ಟೋ ಸಲ ಎಮ್ಮಾಗೂ ಗೊತ್ತಿಲ್ಲ.

ಇಲ್ಲಿ ಚರ್ಚಿನ ಹಿಸ್ಟರಿ ಲೈಬ್ರರಿ ಇದೆ, ಯಾರು ಬೇಕಾದರೂ ಹೋಗಬಹುದು. ಈಚೆಗೆ ಕೆಲವು ಶನಿವಾರ ಅಲ್ಲೇ ಕಳೆದಿದ್ದೇನೆ. ನನ್ನ ಮನಸ್ಸಿನಲ್ಲಿ ಕೂತುಬಿಟ್ಟವಳು ಎಮಿಲಿ ಪಾರ್ಟ್ರಿಜ್.

ಅಪ್ಪ 1840ರಲ್ಲಿ ತೀರಿಕೊಂಡ ಮೇಲೆ ಎಮಿಲಿ ಮತ್ತು ಅಕ್ಕ ಎಲೈಜಾ ಜೋಸೆಫರ ಮನೆಯಲ್ಲಿ ಕೆಲಸಕ್ಕೆ ಸೇರಿದರು. 1843ರ ಮಾರ್ಚ್ 4ರಂದು ಎಮಿಲಿಗೆ ಜೋಸೆಫರ ಜೊತೆ ಸೀಲಿಂಗ್ ಆಯಿತು. ಅವಳಿಗೆ 19 ತುಂಬಿ ಇನ್ನೂ ವಾರವೂ ಆಗಿರಲಿಲ್ಲ. ನಾಲ್ಕು ದಿನದ ಮೇಲೆ ಅಕ್ಕನಿಗೂ ಆಯಿತು. ಎರಡೂ ಎಮ್ಮಾಗೆ ತಿಳಿಯದ ಹಾಗೆ. ಮೇ ತಿಂಗಳಲ್ಲಿ ಎಮ್ಮಾ ಹೇಗೋ ಒಪ್ಪಿ ಇದೇ ಇಬ್ಬರು ಹುಡುಗಿಯರನ್ನು ಆರಿಸಿದಳು. ಮೊದಲಿನದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಗಿದ್ದ ಮದುವೆಯನ್ನೇ ಎಮ್ಮಾಳ ಎದುರು ಇನ್ನೊಮ್ಮೆ ಮಾಡಿದರು. ಎಮ್ಮಾಳ ಆ ಒಪ್ಪಿಗೆ ಒಂದು ದಿನವೂ ಉಳಿಯಲಿಲ್ಲ ಅಂತ ಎಮಿಲಿ ಬರೆದಿದ್ದಾಳೆ.

ಈಗ ತೊಡಕು ನೋಡಿ. 1869ರಲ್ಲಿ ಎಮಿಲಿ ಅಫಿಡವಿಟ್ ಕೊಟ್ಟಳು. ಎರಡನೇ ಸಲದ್ದು 1843ರ ಮೇ 11ರಂದು, ಎಮ್ಮಾ ಎದುರಿಗಿದ್ದಳು, ವಿಧಿ ನಡೆಸಿದವರು ಜಡ್ಜ್ ಜೇಮ್ಸ್ ಆಡಮ್ಸ್ ಅಂತ. ಆದರೆ ಜೋಸೆಫರ ದಿನಚರಿ ತೆಗೆದರೆ, ಮೇ 11ರಂದು ಎಮ್ಮಾ ಹೊಸ ಗಾಡಿ ಹತ್ತಿ ಕ್ವಿನ್ಸಿ ಊರಿಗೆ ಹೋಗಿದ್ದಾಳೆ! ಆಡಮ್ಸ್ ಸ್ಪ್ರಿಂಗ್‌ಫೀಲ್ಡಿನವರು, ನೌವೂಗೆ ಬಂದದ್ದೇ ಮೇ 21ಕ್ಕೆ. ಅದಕ್ಕೇ ಮೇ 23 ಇರಬೇಕು ಅನ್ನುತ್ತಾರೆ ಇತಿಹಾಸ ಬರೆಯುವವರು.

ಇದನ್ನೇ ಹಿಡಿದು "ಅವಳು ಹೇಳಿದ್ದೆಲ್ಲ ಸುಳ್ಳು" ಅನ್ನುವವರು ಇವತ್ತಿಗೂ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. 26 ವರ್ಷದ ಮೇಲೆ ತಾರೀಖು ಮರೆಯುವುದು ದೊಡ್ಡದೇನಲ್ಲ. ಅಜ್ಜಿಗೆ ತನ್ನ ಮದುವೆ ನಡೆದ ಚಪ್ಪರ, ಅವತ್ತು ಬಂದ ಮಳೆ ಎಲ್ಲ ನೆನಪಿದೆ, ಇಸವಿ ಕೇಳಿದರೆ ಒಂದೊಂದು ಸಲ ಒಂದೊಂದು ಹೇಳುತ್ತಾಳೆ. ಕಟ್ಟುಕಥೆಯೇ ಆಗಿದ್ದರೆ ಒಂದೇ ಮದುವೆ ಹೇಳಿದ್ದರೆ ಸಾಕಿತ್ತು. ಎರಡು ಸಲ, ಅದೂ ಮನೆಯೊಡತಿಗೆ ಕಣ್ಣುಕಟ್ಟಿ ಆಯಿತು ಅಂತ ಹೇಳಿಕೊಂಡರೆ ಯಾರಿಗೆ ಗೌರವ?

ಹಾಗಂತ ಆ ಅಫಿಡವಿಟ್‌ಗಳನ್ನು ಕಣ್ಣುಮುಚ್ಚಿ ನಂಬಿ ಅಂತಲೂ ನಾನು ಹೇಳುವುದಿಲ್ಲ. ಅಷ್ಟು ಹೊತ್ತಿಗೆ ಜೋಸೆಫ್ ಸತ್ತು ಪಂಥ ಒಡೆದಿತ್ತು, ದೊಡ್ಡ ಗುಂಪು ಇಲ್ಲಿ ಯೂಟಾಗೆ ಬಂದಿತ್ತು. ಜೋಸೆಫರ ಮಗನ ಕಡೆಯವರು ಯೂಟಾಗೇ ಬಂದು "ನಮ್ಮ ತಂದೆಗೆ ಒಬ್ಬಳೇ ಹೆಂಡತಿ" ಅಂತ ಬೋಧಿಸತೊಡಗಿದ್ದರು. ಅವರಿಗೆ ಉತ್ತರ ಕೊಡಲು ಯೂಟಾ ಗುಂಪಿನ ಜೋಸೆಫ್ ಎಫ್. ಸ್ಮಿತ್ ಎಂಬುವರು ಹೆಂಗಸರನ್ನು ಹುಡುಕಿ ಹೇಳಿಕೆ ಬರೆಸಿಕೊಂಡರು. ಅವರು ಜೋಸೆಫರ ಅಣ್ಣನ ಮಗ. ಹೇಳಿಕೆಗಳು ಹೆಚ್ಚುಕಮ್ಮಿ ಒಂದೇ ಮಾದರಿಯವು, ಹೆಸರು, ತಾರೀಖು ಬೇರೆ ಅಷ್ಟೇ. ಇಂಥದ್ದು ಕೈಗೆ ಬಂದರೆ ನೀವು ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ಓದುತ್ತಿದ್ದಿರಿ.

ಆ ಕಾಲದ ಕಾಗದವನ್ನೇ ನಂಬೋಣ ಅಂದರೆ ಅದೂ ಸುಲಭವಿಲ್ಲ. 1842ರ ಅಕ್ಟೋಬರ್‌ನಲ್ಲಿ ನೌವೂ ಪತ್ರಿಕೆಯಲ್ಲಿ ಒಂದು ಹೇಳಿಕೆ ಅಚ್ಚಾಯಿತು. ಒಬ್ಬ ಗಂಡಿಗೆ ಒಬ್ಬಳು ಹೆಣ್ಣು, ಅದು ಬಿಟ್ಟು ಬೇರೆ ಮದುವೆ ಪದ್ಧತಿ ನಮಗೆ ಗೊತ್ತಿಲ್ಲ ಅಂತ. ಸಹಿ ಹಾಕಿದವರಲ್ಲಿ ಎಲೈಜಾ ಸ್ನೋ ಕೂಡ ಇದ್ದಳು (ಎಮಿಲಿಯ ಅಕ್ಕ ಅಲ್ಲ, ಈಕೆ ಬೇರೆ). ಅದೇ ವರ್ಷ ಜೂನ್ 29ರಂದು ಜೋಸೆಫರ ಜೊತೆ ತನಗೆ ಸೀಲಿಂಗ್ ಆಗಿತ್ತು ಅಂತ ಮುಂದೆ ಅವಳೇ ಹೇಳಿದಳು. ಅಚ್ಚಾದ ಕಾಗದ ಇಲ್ಲ ಅನ್ನುತ್ತದೆ, ಸಹಿ ಮಾಡಿದ ಕೈ ಹೌದು ಅನ್ನುತ್ತದೆ. ಜೋಸೆಫರೂ ಅಷ್ಟೇ. ಕೊಲೆಯಾಗುವ ಒಂದು ತಿಂಗಳ ಮೊದಲು, 1844ರ ಮೇ 26ರಂದು, ಏಳು ಹೆಂಡಿರಿದ್ದಾರೆ ಅನ್ನುವ ಆರೋಪಕ್ಕೆ, ನನಗೆ ಕಾಣುವುದು ಒಬ್ಬಳೇ ಅಂತ ಸಭೆಯಲ್ಲಿ ಹೇಳಿದರು.

ಆದರೂ ಗುಟ್ಟು ಕೆಲವು ಕಡೆ ಸೋರಿದೆ. ಜೋಸೆಫರ ಗುಮಾಸ್ತ ವಿಲಿಯಂ ಕ್ಲೇಟನ್ ತನ್ನ ಡೈರಿಯಲ್ಲಿ, 1843ರ ಮೇ 1ರಂದು ಜೋಸೆಫರಿಗೆ ಎಲ್.ಡಬ್ಲ್ಯು. ಜೊತೆ ಮದುವೆ ಮಾಡಿಸಿದೆ ಅಂತ ಚುಟುಕಾಗಿ ಗುರುತು ಹಾಕಿದ್ದಾನೆ. ಅವಳು ಲೂಸಿ ವಾಕರ್. 1842ರ ಆಗಸ್ಟ್ 18ರಂದು ಜೋಸೆಫರೇ ವಿಟ್ನಿ ದಂಪತಿಗೆ ಮತ್ತು ಅವರ ಮಗಳಿಗೆ ಬರೆದ ಕಾಗದವೂ ಇದೆ. ಮೂರು ವಾರದ ಹಿಂದಷ್ಟೇ ಆ ಮಗಳ ಜೊತೆ ಸೀಲಿಂಗ್ ಆಗಿತ್ತು. ಎಮ್ಮಾ ಇಲ್ಲದ ಹೊತ್ತು ನೋಡಿಕೊಂಡು ಬನ್ನಿ, ಓದಿದ ತಕ್ಷಣ ಇದನ್ನು ಸುಟ್ಟುಬಿಡಿ ಅಂತ ಅದರಲ್ಲಿದೆ. ಅವರು ಸುಡಲಿಲ್ಲ. ಆ ಕಾಗದದ ಚಿತ್ರ ನೋಡುವಾಗ ನನ್ನ ಕೈ ಸ್ವಲ್ಪ ನಡುಗಿತು ಅಪ್ಪ.

ಇನ್ನು ಎಮ್ಮಾ. 1879ರಲ್ಲಿ ತೀರಿಕೊಳ್ಳುವ ಸ್ವಲ್ಪ ಮುಂಚೆ ಮಗನೇ ಕೇಳಿದಾಗ, ನಿನ್ನ ತಂದೆಗೆ ನನ್ನ ಬಿಟ್ಟು ಬೇರೆ ಹೆಂಡತಿ ಇರಲಿಲ್ಲ ಅಂದಳು. ಕ್ಲೇಟನ್ ಡೈರಿ ಓದಿದ ಮೇಲೆ ಆ ಮಾತನ್ನು ನಂಬುವುದು ನನ್ನಿಂದಾಗದು. ಆದರೆ ಅವಳ ಮೇಲೆ ಕೋಪವೂ ಬರುವುದಿಲ್ಲ. ಕೇಳಿದವನು ಹೊಟ್ಟೆಯಲ್ಲಿ ಹುಟ್ಟಿದ ಮಗ, ಅಪ್ಪನ ಹೆಸರು ಉಳಿಸಲು ಹೊರಟವನು. ಅವಳಾದರೂ ಏನು ಹೇಳಬೇಕಿತ್ತು?

ಒಂದು ಪ್ರಶ್ನೆಗೆ ಮಾತ್ರ ಡಿಎನ್‌ಎ ಉತ್ತರ ಕೊಟ್ಟಿದೆ. ಸಿಲ್ವಿಯಾ ಲಯನ್ ಎಂಬಾಕೆ ಸಾಯುವ ಮುಂಚೆ ಮಗಳು ಜೋಸೆಫೀನಳಿಗೆ "ನೀನು ಜೋಸೆಫರ ಮಗಳು" ಅಂದಿದ್ದಳು. ಅಲ್ಲ ಅಂತ 2016ರಲ್ಲಿ ಗೊತ್ತಾಯಿತು. ತಾಯಿ ಹೇಳಿದ್ದು ಯಾವ ಅರ್ಥದಲ್ಲೋ ಅಂತ ಈಗ ಚರ್ಚೆ.

ಎಮಿಲಿಯನ್ನು 1892ರಲ್ಲಿ, 68ರ ವಯಸ್ಸಿನಲ್ಲಿ, ಮತ್ತೆ ಸಾಕ್ಷಿಗೆ ಕರೆದರು. ಮಿಸೌರಿಯ ಒಂದು ಜಮೀನಿನ ವ್ಯಾಜ್ಯ ಅದು. ಪಂಥದ ನಿಜವಾದ ವಾರಸುದಾರರು ಯಾರು ಅಂತ ತೀರ್ಮಾನವಾಗಬೇಕಿತ್ತು. ವಕೀಲರು ಅವಳನ್ನು ರಾತ್ರಿ ಯಾರ ಜೊತೆ ಮಲಗಿದೆ ಅನ್ನುವವರೆಗೆ ಕೇಳಿದರು. ಮುದುಕಿ ತಪ್ಪಿಸಿಕೊಳ್ಳದೆ ಉತ್ತರ ಕೊಟ್ಟಳು. ಇವಳ ತಾರೀಖು ತಪ್ಪು ಅಂತ ಇಷ್ಟು ಜನ ಬರೆದಿದ್ದಾರೆ, ಇವಳ ಕಷ್ಟ ಬರೆದವರು ಕಡಿಮೆ ಅಂತ ನನಗೆ ಬೇಜಾರು.

ಅವಳೇ ಬರೆದ ಡೈರಿ ಇದೆ, ಇನ್ನೂ ಅರ್ಧವೂ ಓದಿಲ್ಲ. ಬರುವ ಶನಿವಾರ ಇವರು ಮಗುವನ್ನು ನೋಡಿಕೊಳ್ಳುತ್ತೀನಿ ಅಂದಿದ್ದಾರೆ, ಹೋಗುತ್ತೇನೆ. ಆ ಅಫಿಡವಿಟ್‌ನ ನಕಲು ಕಳಿಸುತ್ತೇನೆ, ನೋಡಿ ನಿಮಗೇನು ಅನ್ನಿಸಿತು ಬರೆಯಿರಿ. ಅಮ್ಮನಿಗೆ ಮೆಂತ್ಯದ ಹಿಟ್ಟು ಬಂದು ತಲುಪಿತು ಅಂತ ಹೇಳಿ. ಅಜ್ಜಿಗೆ ನಮಸ್ಕಾರ.

ನಿಮ್ಮ ಮಗಳು