ಎಲ್ಕ್ ಬೇಟೆ: ರೈಫಲ್‌ಗಿಂತ ಗುಂಡು ಮುಖ್ಯ

ಮಾನ್ಯ ಸಂಪಾದಕರೇ,

ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಮ್ಯಾಗ್ನಮ್ ರೈಫಲ್ಲೇ (ಹೆಚ್ಚು ಮದ್ದಿನ ಕಾಡತೂಸು ಹಾರಿಸುವ, ಭುಜಕ್ಕೆ ಜೋರಾಗಿ ಒದೆಯುವ ರೈಫಲ್) ಬೇಕು ಎಂಬ ಮಾತನ್ನು ಇಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಹೊಸದಾಗಿ ಲೈಸೆನ್ಸ್ ಪಡೆದವರ ಬಾಯಲ್ಲಿ ಪದೇ ಪದೇ ಕೇಳುತ್ತಿದ್ದೇನೆ. ನಾನಿದನ್ನು ಒಪ್ಪುವುದಿಲ್ಲ. ರಾಜ್ಯದ ನಿಯಮ ಕೇಳುವುದು ಕನಿಷ್ಠ 6 ಮಿ.ಮೀ. ಕ್ಯಾಲಿಬರ್ (ಗುಂಡಿನ ವ್ಯಾಸ) ಮತ್ತು 85 ಗ್ರೇನ್ (ಸುಮಾರು 5.5 ಗ್ರಾಂ) ತೂಕದ, ಒಳಹೊಕ್ಕಾಗ ಅರಳುವ ಗುಂಡು. ಮುನ್ನೂರು ಕಿಲೋ ತೂಗುವ ಗಂಡು ಎಲ್ಕ್‌ಗೆ ಅಷ್ಟು ಸಣ್ಣದನ್ನು ನಾನಂತೂ ಒಯ್ಯಲಾರೆ. ಹಾಗೆಂದು ಮ್ಯಾಗ್ನಮ್ಮೇ ಆಗಬೇಕೆಂದಿಲ್ಲ, 1906ರಲ್ಲಿ ಬಂದ .30-06 ಕಾಡತೂಸು, 180 ಗ್ರೇನ್ ಗುಂಡಿನೊಂದಿಗೆ, ಇಂದಿಗೂ ಧಾರಾಳವಾಗಿ ಸಾಕು.

ಆ ಗುಂಡು ಎಂಥದ್ದು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಸೀಸದ ಮೇಲೆ ತೆಳು ತಾಮ್ರದ ಕವಚವಿರುವ ಗುಂಡು ಭುಜದ ಮೂಳೆಗೆ ಬಡಿದರೆ ಚೂರುಚೂರಾಗಿ, ಶ್ವಾಸಕೋಶ ಮುಟ್ಟುವ ಮೊದಲೇ ನಿಂತುಬಿಡಬಹುದು. ಗಾಯಗೊಂಡ ಪ್ರಾಣಿ ಕಣಿವೆಗಿಳಿದು ನರಳುತ್ತದೆ. ಕವಚಕ್ಕೆ ಸೀಸವನ್ನು ಬೆಸೆದ ಬಾಂಡೆಡ್ ಗುಂಡಾಗಲಿ, ಪೂರ್ತಿ ತಾಮ್ರದ್ದಾಗಲಿ, ಮೂತಿ ಅರಳಿದ ಮೇಲೂ ತೂಕ ಉಳಿಸಿಕೊಂಡು ಆಳಕ್ಕಿಳಿಯುತ್ತದೆ. ನನ್ನ ಆಯ್ಕೆ ತಾಮ್ರ. ಮಾಂಸದಲ್ಲಿ ಸೀಸದ ಚೂರು ಸೇರುವುದಿಲ್ಲ, ಬಿಟ್ಟುಬಂದ ಕರುಳು ತಿನ್ನುವ ಹದ್ದುಗಳಿಗೂ ಸೀಸದ ವಿಷವೇರುವುದಿಲ್ಲ. ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ.

ಮ್ಯಾಗ್ನಮ್ಮಿನ ಒದೆತಕ್ಕೆ ಅಂಜಿ ಕಣ್ಣುಮುಚ್ಚಿ ಟ್ರಿಗರ್ ಎಳೆಯುವವರು ದಯವಿಟ್ಟು ಕಡಿಮೆ ಒದೆಯುವ .308 ಕಾಡತೂಸಿನ ರೈಫಲ್ ಹಿಡಿಯಿರಿ. ಬೇಟೆಗೆ ಒಯ್ಯುವ ಅದೇ ಗುಂಡಿನಿಂದಲೇ ಮೊದಲು ಗುರಿ ಅಭ್ಯಾಸ ಮಾಡಿ.

– ಒಬ್ಬ ಬೇಟೆಗಾರ, ಕೊಲೊರಾಡೊ