ಯಾರಾದರೂ ಅಂದರೆ ಯಾರೂ ಬರುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ಕೊಪ್ಪಳದ ಬಸ್ ನಿಲ್ದಾಣದಲ್ಲಿ ಕಾಲೇಜು ಹುಡುಗನೊಬ್ಬ ಫಿಟ್ಸ್ ಬಂದು ಬಿದ್ದ. ಸುತ್ತ ಮೂವತ್ತು ನಲವತ್ತು ಜನ ಸೇರಿದರು. ಒಬ್ಬರು ಅವನ ಕೈಗೆ ಬೀಗದ ಕೈ ಹಿಡಿಸಿದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. "ಯಾರಾದ್ರೂ ಆಂಬುಲೆನ್ಸ್ ಕರೀರಿ" ಎಂದು ಹೂ ಮಾರುವ ಅಕ್ಕ ಎರಡು ಸಲ ಕೂಗಿದರು. ಯಾರೂ ಫೋನ್ ತೆಗೆಯಲಿಲ್ಲ.

ಆಗ ನಾನು, "ನೀಲಿ ಅಂಗಿ ತಮ್ಮಾ, ನೀನು 108ಕ್ಕೆ ಫೋನ್ ಹಚ್ಚು. ಬ್ಯಾಗ್ ಹಿಡಿದ ಅಣ್ಣಾರ, ಇವನನ್ನ ಮಗ್ಗುಲಿಗೆ ಮಲಗಿಸೋಣ ಬರ್ರಿ" ಎಂದೆ. ಇಬ್ಬರೂ ಕೂಡಲೇ ಬಂದರು. ಒಬ್ಬ ತಾಯಿ ಟವೆಲ್ ಮಡಚಿ ಹುಡುಗನ ತಲೆಯ ಕೆಳಗಿಟ್ಟರು.

ಮರುದಿನ ಚಹಾದಂಗಡಿಯಲ್ಲಿ ಇದೇ ಸುದ್ದಿ. "ಮಾನವೀಯತೆ ಸತ್ತು ಹೋಗೇತ್ರಿ" ಅಂದರು. ನನಗೆ ಬೇಜಾರಾಯಿತು. ನಾನು 28 ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. "ಯಾರಾದ್ರೂ ಅಜ್ಜಿಗೆ ಸೀಟು ಕೊಡ್ರಿ" ಅಂದರೆ ಬಸ್ಸಿಗೆ ಬಸ್ಸೇ ಕಿಟಕಿ ಕಡೆ ನೋಡುತ್ತಿತ್ತು. "ಮೂರನೇ ಸೀಟಿನ ತಮ್ಮಾ, ಅಜ್ಜಿಗೆ ಜಾಗ ಬಿಡಪ್ಪಾ" ಅಂದರೆ ಆ ಹುಡುಗ ಎದ್ದು ನಿಂತು, ಅಜ್ಜಿಯ ಗಂಟನ್ನೂ ಮೇಲೆ ಇಡುತ್ತಿದ್ದ. ಅವನೇನು ಕೆಟ್ಟವನಾಗಿದ್ದನಾ? ಬೇರೆ ಯಾರೋ ಏಳುತ್ತಾರೆ ಎಂದು ಕಾಯುತ್ತಿದ್ದ, ಅಷ್ಟೇ.

ಮನಃಶಾಸ್ತ್ರ ಓದಿದ ನನ್ನ ಮಗಳಿಗೆ ಇದನ್ನು ಹೇಳಿದೆ. ಅಮೆರಿಕದಲ್ಲಿ ಡಾರ್ಲಿ ಮತ್ತು ಲಟಾನೆ ಎಂಬುವರು ಇದನ್ನೇ ಪರೀಕ್ಷಿಸಿ 1968ರಲ್ಲಿ ಪ್ರಕಟಿಸಿದ್ದಾರಂತೆ. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಮೈಕಿನಲ್ಲಿ ಒಬ್ಬನಿಗೆ ಫಿಟ್ಸ್ ಬಂದಂತೆ ಕೇಳಿಸಿದರು. ಕೇಳುತ್ತಿರುವುದು ತಾನೊಬ್ಬನೇ ಎಂದುಕೊಂಡವರಲ್ಲಿ ನೂರಕ್ಕೆ 85 ಮಂದಿ ಆ ಸದ್ದು ನಿಲ್ಲುವ ಮೊದಲೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಎದ್ದವರು ನೂರಕ್ಕೆ 31 ಮಾತ್ರ. ಜನ ಜಾಸ್ತಿಯಾದಷ್ಟೂ ಹೊಣೆ ಹಂಚಿಹೋಗುತ್ತದೆ, ಅಲ್ವಾ?

ಪೊಲೀಸ್ ಠಾಣೆಗೆ ಅಲೆಯಬೇಕಾದೀತು ಎಂಬ ಭಯವೂ ಇದೆ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ. ಅದು ಬಹಳ ಜನಕ್ಕೆ ಗೊತ್ತಿಲ್ಲ.

ಇದೇ ನಮ್ಮ ಜನ ಗವಿಮಠದ ಜಾತ್ರೆಗೆ ಊರೂರಿನಿಂದ ಜೋಳದ ರೊಟ್ಟಿ ತಟ್ಟಿ ಕಳಿಸುತ್ತಾರೆ. ಅಲ್ಲಿ "ಯಾರಾದರೂ" ಅನ್ನುವ ಮಾತಿಲ್ಲ. ಈ ಓಣಿಯ ರೊಟ್ಟಿ, ಆ ಊರಿನ ಗಾಡಿ ಎಂದು ಎಲ್ಲರಿಗೂ ತಮ್ಮ ಪಾಲು ಗೊತ್ತು. ರಸ್ತೆಯಲ್ಲಿ ಬಿದ್ದವನು ಯಾರ ಪಾಲಿಗೆ ಎಂದು ಯಾರೂ ಹೇಳಿರುವುದಿಲ್ಲ.

ಸುಮ್ನೆ ನಿಂತ ಜನರ ಫೋಟೊ ಹಾಕಿ ಬೈಯುವ ಪತ್ರಿಕೆಗಳಿಗೆ ನನ್ನದೊಂದು ವಿನಂತಿ. ಪಕ್ಕದಲ್ಲೇ ನಾಲ್ಕು ಸಾಲು ಬರೆಯಿರಿ: ಒಬ್ಬರ ಕಡೆ ಕೈ ತೋರಿಸಿ, ಅಂಗಿಯ ಬಣ್ಣ ಹೇಳಿ ಕರೆಯಿರಿ, ಒಂದು ಕೆಲಸ ಒಪ್ಪಿಸಿ.

ಅಂದ ಹಾಗೆ, ಆ ಹುಡುಗ ಚೇತರಿಸಿಕೊಂಡಿದ್ದಾನೆ. ನೀಲಿ ಅಂಗಿಯ ತಮ್ಮ ತನ್ನ ಕುಷ್ಟಗಿ ಬಸ್ಸು ಬಿಟ್ಟು, ಆಂಬುಲೆನ್ಸಿನಲ್ಲಿ ಅವನ ಜೊತೆ ಆಸ್ಪತ್ರೆವರೆಗೂ ಹೋಗಿದ್ದ.

– ನಿವೃತ್ತ ಬಸ್ ಕಂಡಕ್ಟರ್, ಭಾಗ್ಯನಗರ, ಕೊಪ್ಪಳ