ಸ್ಕೇಲ್ ಹಿಡಿದು ಹಿಮದಲ್ಲಿ ನಿಂತವರಿಗೆ

ಬಿರುಗಾಳಿ ದಾಟಿ ಇವತ್ತಿಗೆ ಐದು ದಿನ. ಬೆರಳಿನ ಜೋಮು ಬಿಟ್ಟಿದೆ, ನಿದ್ದೆಯೂ ಒಂದು ಹದಕ್ಕೆ ಬಂದಿದೆ. ಈಗಲಾದರೂ ಬರೆಯದಿದ್ದರೆ ಮತ್ತೆ ಬರೆಯುವುದಿಲ್ಲ ಅಂತ ಕೂತಿದ್ದೇನೆ. 41 ಗಂಟೆ ಬಿಡದೆ ಸುರಿದ ಹಿಮವನ್ನು ತಮ್ಮ ತಮ್ಮ ಹಿತ್ತಲಲ್ಲಿ ಅಳೆದು ಕಳಿಸಿದ ನಮ್ಮ ಗುಂಪಿನ 23 ಜನರಿಗೆ ಇದು ನನ್ನ ಥ್ಯಾಂಕ್ಸ್. ಹೆಸರು ಹಾಕುವುದಿಲ್ಲ. ನಿಮ್ಮಲ್ಲಿ ಅರ್ಧ ಜನ ಬೇಡ ಅಂತ ಮೊದಲೇ ಹೇಳಿದ್ದೀರಿ. ಓದುತ್ತಾ ಹೋದರೆ ಯಾರು ಯಾರು ಅಂತ ನಿಮಗೇ ಗೊತ್ತಾಗುತ್ತದೆ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಹಿಂದಿನ ರಾತ್ರಿ "30 ಸೆಂ.ಮೀ.ಗೆ ಮೋಸ ಇಲ್ಲ" ಅಂತ ಎಲ್ಲರಿಗೂ ಹೇಳಿದವನು ನಾನೇ. ಮುನ್ಸೂಚನೆ ಕೊಡುವ ಮೂರು ಕಂಪ್ಯೂಟರ್ ಮಾಡೆಲ್‌ಗಳಲ್ಲಿ ಎರಡು ನನಗೆ ಬೇಕಾದದ್ದನ್ನೇ ಹೇಳುತ್ತಿದ್ದವು. ಮೂರನೆಯದು ಮೇಲೆ ಬಿಸಿ ಗಾಳಿ ನುಗ್ಗುತ್ತದೆ ಅನ್ನುತ್ತಿತ್ತು. ಅದನ್ನು ಕಂಡೂ ಕಾಣದವನ ಹಾಗೆ ಪಕ್ಕಕ್ಕಿಟ್ಟೆ. ಹಿಮದ ಹುಚ್ಚು ಹತ್ತಿದವರಿಗೆಲ್ಲ ಈ ಕಾಯಿಲೆ ಇದ್ದದ್ದೇ, ಅಲ್ವಾ?

ಮೊದಲ ರಾತ್ರಿ 2:40. ರಾಡಾರ್ ಚಿತ್ರದಲ್ಲಿ ನಮ್ಮ ಮೇಲೆ ಬಣ್ಣ ದಟ್ಟವಾಗುತ್ತಾ ಬಂತು. ಭರ್ಜರಿ ಹಿಮ ಅಂದುಕೊಂಡು ನಾನು ಒಳಗೊಳಗೇ ಕುಣಿಯುತ್ತಿದ್ದೆ. ಆಗ ಹೋದ ತಿಂಗಳಷ್ಟೇ ಗುಂಪಿಗೆ ಸೇರಿದವರೊಬ್ಬರಿಂದ ಒಂದು ಸಂದೇಶ ಬಂತು. "ನನ್ನ ಹತ್ತಿರ ಹಿಮ ಬೀಳಲು ಹೊರಗಿಟ್ಟು ಅಳೆಯುವ ಹಲಗೆ ಇಲ್ಲ, ಬರೀ ಸ್ಕೇಲ್ ಇದೆ. ಆದರೂ ಹೇಳಬಹುದಾ? ಸದ್ದು ಬದಲಾಗಿದೆ. ಕಬ್ಬಿಣದ ಕಂಬಿಯ ಮೇಲೆ ಟಿಕ್ ಟಿಕ್ ಅನ್ನುತ್ತಿದೆ. ಕೋಟಿನ ತೋಳಿನ ಮೇಲೆ ಬಿದ್ದು ಪುಟಿಯುತ್ತಿದೆ."

ಎದೆ ಧಸಕ್ಕೆಂದಿತು. ಹಿಮ ಟಿಕ್ ಟಿಕ್ ಅನ್ನುವುದಿಲ್ಲ, ಪುಟಿಯುವುದೂ ಇಲ್ಲ. ಅದು ಸ್ಲೀಟ್. ನಮ್ಮ ಆಲಿಕಲ್ಲಿನ ತಮ್ಮ ಅನ್ನಿ, ಹುಟ್ಟುವ ಬಗೆ ಮಾತ್ರ ಬೇರೆ. ಮೇಲಿಂದ ಇಳಿಯುವ ಹಿಮ ನಡುವೆ ಒಂದು ಬಿಸಿ ಪದರ ಸಿಕ್ಕಿ ಕರಗುತ್ತದೆ. ಕೆಳಗಿನ ಚಳಿಯಲ್ಲಿ ಮತ್ತೆ ಹೆಪ್ಪುಗಟ್ಟಿ ಕಾಳಾಗಿ ಬೀಳುತ್ತದೆ. ಕೆಳಗಿನ ಚಳಿ ತೆಳ್ಳಗಿದ್ದರೆ ಹೆಪ್ಪುಗಟ್ಟಲು ಪುರುಸೊತ್ತಿಲ್ಲದೆ ನೀರಾಗಿಯೇ ಬಂದು, ಮುಟ್ಟಿದ್ದಕ್ಕೆಲ್ಲ ಗಾಜಿನ ಹಾಗೆ ಅಂಟಿಕೊಳ್ಳುತ್ತದೆ. ಅದು ಇನ್ನೂ ಕೆಟ್ಟದ್ದು. ಕರಗುತ್ತಿರುವ ಹಿಮ ರಾಡಾರ್‌ಗೆ ತುಂಬಾ ಹೊಳೆಯುತ್ತದೆ. ನಾನು ಭರ್ಜರಿ ಹಿಮ ಅಂದುಕೊಂಡದ್ದು ಆ ಹೊಳಪನ್ನು ನೋಡಿ.

ರಾಡಾರನ್ನು ಬೈದು ಉಪಯೋಗವಿಲ್ಲ. ಅದರ ಕಿರಣ ಅರ್ಧ ಡಿಗ್ರಿ ಮೇಲಕ್ಕೆ ಹೊರಟರೂ, ಭೂಮಿ ಬಾಗಿರುವುದರಿಂದ 100 ಕಿ.ಮೀ. ಹೋಗುವಷ್ಟರಲ್ಲಿ ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿರುತ್ತದೆ. ಅದಕ್ಕಿಂತ ಕೆಳಗೆ ಏನು ನಡೆಯುತ್ತಿದೆ ಅಂತ ಹೇಳಬೇಕಾದವರು ಕೋಟು ಹಾಕಿಕೊಂಡು ಹೊರಗೆ ನಿಲ್ಲುವವರೇ.

ಆ ಒಂದು ಸಂದೇಶಕ್ಕೆ ಉಳಿದವರೂ ಎದ್ದಿರಿ. 20 ನಿಮಿಷದಲ್ಲಿ ಒಂಬತ್ತು ಜನ ಬಾಗಿಲು ತೆಗೆದು ಕೈ ಚಾಚಿ ನೋಡಿದಿರಿ. "ಇಲ್ಲಿ ಇನ್ನೂ ಹತ್ತಿಯ ಹಾಗಿದೆ." "ಇಲ್ಲಿ ಎರಡೂ ಬೆರೆತಿದೆ." "ಇಲ್ಲಿ ಬರೀ ಕಾಳು." ಅಷ್ಟರಲ್ಲಿ ನನ್ನ ಮನೆಯ ಕರೆಂಟ್ ಹೋಗಿತ್ತು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಹಿಮ ಎಲ್ಲಿವರೆಗೆ, ಕಾಳು ಎಲ್ಲಿಂದ ಅಂತ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. ಗೆರೆ ದಕ್ಷಿಣದಿಂದ ಉತ್ತರಕ್ಕೆ ಜರುಗುತ್ತಿರುವುದು ಕಣ್ಣಿಗೇ ಕಂಡಿತು. ಇಷ್ಟು ವರ್ಷದಲ್ಲಿ ನಾನು ನೋಡಿದ ಅತಿ ಚೆಂದದ ಹವಾಮಾನ ನಕ್ಷೆ ಅದು. ಅದರ ಮೇಲೆ ನನ್ನ ಜೊಲ್ಲಿನ ಕಲೆ ಇದೆ ಅನ್ನುವುದು ಬೇರೆ ಮಾತು.

ಕರೆಂಟ್ ಬಂದದ್ದು 14 ಗಂಟೆ ಕಳೆದ ಮೇಲೆ. ಫೋನೂ ಸತ್ತಿತ್ತು. ನಾವೆಲ್ಲ ಸೇರಿ ಬರೆಯುವ ಲೆಕ್ಕದ ಪುಸ್ತಕ ಹಾಳಾಯಿತು ಅಂದುಕೊಂಡು ತೆರೆದರೆ, ಯಾರೂ ಕೇಳದೆಯೇ ಒಬ್ಬರು ಕೂತು ಎಲ್ಲರ ಅಳತೆಯನ್ನೂ ಬರೆದಿಟ್ಟಿದ್ದರು. ಗಂಟೆ ಸಮೇತ. ಅವರಿಗೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ.

ಈಗ 11 ಸೆಂ.ಮೀ. ವಿಷಯ. ಮೊದಲ ದಿನ ಬೆಳಿಗ್ಗೆ ಸುತ್ತಲಿನವರೆಲ್ಲ 19ರ ಆಸುಪಾಸಿನಲ್ಲಿದ್ದಾಗ ಒಬ್ಬರು 11 ಅಂತ ಕಳಿಸಿದರು. "ಸರಿಯಾಗಿ ಅಳೆದಿದ್ದೀರಾ?" ಅಂತ ಸ್ವಲ್ಪ ಖಾರವಾಗಿಯೇ ಕೇಳಿದೆ. ಅವರು ಜಗಳಕ್ಕೆ ಬರಲಿಲ್ಲ. ಹಿಮ ತುಂಬಿದ ಮಳೆಮಾಪಕದ ಕೊಳವೆಯನ್ನು ಒಳಗೆ ತಂದರು. ಅದಕ್ಕೆ ಅಳೆದ ಬಿಸಿನೀರು ಹಾಕಿ ಹಿಮ ಕರಗಿಸಿದರು. ಹಾಕಿದ ನೀರನ್ನು ಕಳೆದು ಉಳಿದದ್ದು ಎಷ್ಟು ಅಂತ ಬರೆದರು: 21 ಮಿ.ಮೀ. 19 ಸೆಂ.ಮೀ. ಬಿದ್ದವರಲ್ಲಿ ಒಬ್ಬರಿಗೆ ಕರಗಿಸಲು ಹೇಳಿದೆ: 22 ಮಿ.ಮೀ. ಆಕಾಶ ಇಬ್ಬರಿಗೂ ಹೆಚ್ಚುಕಡಿಮೆ ಅಷ್ಟೇ ನೀರು ಕೊಟ್ಟಿತ್ತು. 11 ಕಳಿಸಿದವರಲ್ಲಿ ಸ್ಲೀಟ್ ಜಾಸ್ತಿ ಬೆರೆತು ಒತ್ತೊತ್ತಾಗಿ ಕೂತಿತ್ತು, ಅಷ್ಟೇ. ಒಂದು ಪಾಲು ನೀರಿಗೆ ಹತ್ತು ಪಾಲು ಹಿಮ ಅನ್ನುವ ಲೆಕ್ಕ ಬಾಯಿಪಾಠಕ್ಕೆ ಸರಿ. ಒಣ ಹಿಮ ಇಪ್ಪತ್ತು ಪಾಲಿಗೂ ಹೋಗುತ್ತದೆ, ಒದ್ದೆಯದು ಐದಕ್ಕೆ ಇಳಿಯುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಕೇಳಿದೆ. ಎಲ್ಲರ ಮುಂದೆ ಕೇಳಿದ್ದು, ಎಲ್ಲರ ಮುಂದೆಯೇ ಕ್ಷಮೆ ಕೇಳುತ್ತೇನೆ.

ಆ ನೀರಿನ ಲೆಕ್ಕ ಮುಂದೆ ಕೆಲಸಕ್ಕೆ ಬಂತು. ಒಂದು ಮಿ.ಮೀ. ನೀರು ಅಂದರೆ ಒಂದು ಚದರ ಮೀಟರ್‌ಗೆ ಒಂದು ಕೆ.ಜಿ. ತೂಕ. ಎರಡನೇ ದಿನ ಆ 11 ಸೆಂ.ಮೀ.ಯವರಲ್ಲಿ ನೆಲದ ಮೇಲಿದ್ದ ಹಿಮದ ನೀರು 38 ಮಿ.ಮೀ. ಮುಟ್ಟಿತ್ತು. ಪಕ್ಕದಲ್ಲೇ ಇರುವ ಇನ್ನೊಬ್ಬರಿಗೆ 20 ಚದರ ಮೀಟರ್‌ನ ಹಳೇ ಶೆಡ್ ಇದೆ, ಚಪ್ಪಟೆ ಮಾಡು. ಗುಣಿಸಿ ಹೇಳಿದೆವು: 760 ಕೆ.ಜಿ. ಒಂದು ಚಿಕ್ಕ ಕಾರು ಮಾಡು ಹತ್ತಿ ಕೂತ ಹಾಗೆ. ಅವರು ನೆಲದ ಮೇಲೇ ನಿಂತು ಉದ್ದ ಹಿಡಿಯ ಸಲಿಕೆಯಿಂದ ಹಿಮ ಎಳೆದು ಹಾಕಿದರು. ಶೆಡ್ ಇನ್ನೂ ನಿಂತಿದೆ.

ಆರು ಗಂಟೆಗೊಮ್ಮೆ ತೆಗೆಯುವ ಅಳತೆಗಳಲ್ಲಿ ಒಂದನ್ನು ತಪ್ಪಿಸಿಕೊಂಡು, "ನಿದ್ದೆ ಬಂದುಬಿಟ್ಟಿತು, ಈ ಹೊತ್ತಿನದು ಇಲ್ಲ" ಅಂತ ಬರೆದವರಿಗೂ ಒಂದು ನಮಸ್ಕಾರ. ಪಕ್ಕದವರದು ನೋಡಿ ಒಂದು ಅಂಕಿ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಳೆದ ಮೇಲೆ ಹಲಗೆ ಒರೆಸುತ್ತೇವಲ್ಲ, ಅದನ್ನು ಆರು ಗಂಟೆಗಿಂತ ಬೇಗ ಬೇಗ ಮಾಡಬೇಡಿ ಅಂತ ನಾನು ಪದೇ ಪದೇ ಹೇಳುವುದಕ್ಕೂ ಒಂದು ಕಥೆ ಇದೆ. 1997ರ ಜನವರಿಯಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮಾಂಟಾಗ್ಯೂ ಅನ್ನುವ ಕಡೆ 24 ಗಂಟೆಯಲ್ಲಿ 77 ಇಂಚು ಹಿಮ ಬಿತ್ತು ಅಂತ ವರದಿಯಾಯಿತು. ದಾಖಲೆ ಮುರಿಯಬೇಕಿತ್ತು. ನಾಲ್ಕು ಸಲ ಅಳೆಯಬೇಕಾದಲ್ಲಿ ಆರು ಸಲ ಅಳೆದಿದ್ದಾರೆ ಅಂತ ಅದನ್ನು ಒಪ್ಪಲಿಲ್ಲ. ಹಿಮ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಬೇಗ ಬೇಗ ಒರೆಸಿದರೆ ಆ ಕುಸಿತ ಲೆಕ್ಕಕ್ಕೆ ಸಿಗುವುದಿಲ್ಲ, ಮೊತ್ತ ಉಬ್ಬುತ್ತದೆ. ಅದೇ ವರ್ಷ ಜುಲೈನಲ್ಲಿ ಕೊಲರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ ಪ್ರವಾಹ ಬಂತು. ಒಂದೇ ಊರಿನೊಳಗೆ ಮಳೆಯಲ್ಲಿ ಅಷ್ಟೊಂದು ವ್ಯತ್ಯಾಸ ಇತ್ತು ಅಂತ ಅದಾದ ಮೇಲೆ ತಿಳಿಯಿತು. 1998ರಲ್ಲಿ ಅಲ್ಲಿ ಹಿತ್ತಲಲ್ಲೇ ಮಳೆ, ಹಿಮ ಅಳೆಯುವ ಸ್ವಯಂಸೇವಕರ ಜಾಲ ಶುರುವಾಯಿತು. ಕೊಕೊರಾಸ್ ಅಂತ ಅದರ ಹೆಸರು. ನಮ್ಮ ಗುಂಪಿನ ಐಡಿಯಾ ಅಲ್ಲಿಂದ ಎತ್ತಿದ್ದು, ಮುಚ್ಚಿಡುವುದೇನಿದೆ.

ಕೊನೆಯ ನಾಲ್ಕು ಗಂಟೆ ಚಳಿ ಏರಿ ಮತ್ತೆ ಹಿಮ ಶುರುವಾದಾಗ ಕಪ್ಪು ಬಟ್ಟೆ ಹಿಡಿದು ಹೊರಗೆ ಓಡಿದ ಪುಟ್ಟ ಹುಡುಗಿಗೂ ಥ್ಯಾಂಕ್ಸ್. "ನಕ್ಷತ್ರ ಬಂತು, ಆರು ಕೈ ಇದೆ" ಅಂತ ಅವಳು ಅಪ್ಪನ ಫೋನಿನಿಂದ ಕೂಗಿ ಹೇಳಿದ್ದು ಸುಮ್ನೆ ಖುಷಿಯ ಮಾತಲ್ಲ. ಅಂಥ ನಕ್ಷತ್ರ ಬೆಳೆಯುವುದು ಮೋಡದಲ್ಲಿ ಮೈನಸ್ 15 ಡಿಗ್ರಿಯ ಹತ್ತಿರ. ಹರಳಿನ ಆಕಾರಕ್ಕೂ ಚಳಿ, ತೇವಕ್ಕೂ ಇರುವ ನಂಟನ್ನು ತೋರಿಸಿದವರು ಜಪಾನಿನ ಭೌತವಿಜ್ಞಾನಿ ಉಕಿಚಿರೋ ನಕಾಯಾ. 1936ರಲ್ಲಿ ಅವರು ಪ್ರಯೋಗಾಲಯದಲ್ಲೇ ಮೊಲದ ಕೂದಲಿನ ತುದಿಯಲ್ಲಿ ಹಿಮದ ಹರಳು ಬೆಳೆಸಿದ್ದರು. ಇನ್ನು ಬೀಳುವುದು ಹಗುರ ಹಿಮ ಅಂತ ಅವಳ ಮಾತಿನಿಂದಲೇ ಗೊತ್ತಾಯಿತು. ಹಾಗೇ ಆಯಿತು.

30 ಸೆಂ.ಮೀ. ಬರಲಿಲ್ಲ. ನನ್ನ ಹಲಗೆಯ ಆರಾರು ಗಂಟೆಯ ಅಳತೆಗಳನ್ನು ಕೂಡಿದರೆ 24. ಅದು ನನಗೆ ಇನ್ನೂ ಸ್ವಲ್ಪ ಚುಚ್ಚುತ್ತಿದೆ, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಬಾಕಿ ಇದೆ. 2:40ಕ್ಕೆ ಬರೆದವರೇ, ನಿಮಗೆ ಒಂದು ಹಲಗೆ ಕೊಯ್ದಿದ್ದೇನೆ. 60ಕ್ಕೆ 60 ಸೆಂ.ಮೀ. ಪ್ಲೈವುಡ್. ಬಿಳಿ ಬಣ್ಣವನ್ನೇ ಬಳಿದಿದ್ದೇನೆ, ಬೇರೆ ಬಣ್ಣಕ್ಕೆ ಬಿಸಿಲಿಗೆ ಹಿಮ ಬೇಗ ಕರಗುತ್ತದೆ. ಎರಡನೇ ಕೋಟ್ ಈ ಚಳಿಗೆ ಒಣಗುತ್ತಲೇ ಇಲ್ಲ. ಅಂಟು ಬಿಟ್ಟ ದಿನ ತಂದುಕೊಡುತ್ತೇನೆ.